ನಗಲು ಅನುಮತಿಯಿಲ್ಲದವನ ಮುಂದೆ ನಗೆಮಾತು



ಕಮಲಾಪುರದಿಂದ ಕಲಬುರಗಿಗೆ ಬರುವ ಬಸ್ಸೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಕೆಂಪುಬಾಳೆಯ ಗೊನೆಗಳು, ಕಾಯಿಪಲ್ಲೆಯ ಬುಟ್ಟಿಗಳು, ಬಿಗಿಯಾಗಿ ಬಾಯಿ ಕಟ್ಟಿದ ಚೀಲಗಳು. "ಚೀಲದಾಗ ಏನದರಿ?" ಎಂದು ನಿರ್ವಾಹಕ ಕೇಳುತ್ತಾನೆ. "ಬಾಂಬ್ ಅದ ನೋಡ್ರಿ" ಎನ್ನುತ್ತಾನೆ ಮೂಲೆಯಲ್ಲಿ ಕುಳಿತ ಮುದುಕ. "ಹಂಗಾದ್ರ ಬಾಂಬಿಗೂ ಲಗೇಜ್ ಟಿಕೇಟ್ ತಗೋರಿ" ಎಂದು ನಿರ್ವಾಹಕ ಮರುನುಡಿಯುತ್ತಾನೆ. ಅರ್ಧ ಬಸ್ಸು ನಗುತ್ತದೆ. ನಮ್ಮ ಸೀಮೆಯ ನಗೆಯೇ ಅಂಥದು. ಎದುರಿನವನು ತಿರುಗಿ ಒಂದೇಟು ಕೊಟ್ಟಾಗಲೇ ಅದಕ್ಕೆ ರುಚಿ.

ಅದೇ ಪ್ರಶ್ನೆ, ಅದೇ ಉತ್ತರ. ಸ್ಥಳ ಮಾತ್ರ ಬದಲಾಗಲಿ. ನಗರದ ಪೂರ್ವಕ್ಕಿರುವ ಶ್ರೀನಿವಾಸ ಸರಡಗಿಯಲ್ಲಿ 2019ರ ನವೆಂಬರ್ 22ರಂದು ವಿಮಾನ ನಿಲ್ದಾಣ ಆರಂಭವಾದಂದಿನಿಂದ ವಿಮಾನಯಾನವೆಂಬುದು ಜೇವರ್ಗಿ ಕಾಲೋನಿಯಂಥ ಬಡಾವಣೆಯ ಕುಟುಂಬಗಳಿಗೂ ಬರಿಯ ದೂರದ ಮಾತಾಗಿ ಉಳಿದಿಲ್ಲ. ಇಲ್ಲಿಂದ ಅಲ್ಲದಿದ್ದರೆ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಮಗನನ್ನು ಕೊಲ್ಲಿ ದೇಶಕ್ಕೆ ಕಳುಹಿಸಿದ, ಮಗಳ ಬಾಣಂತನಕ್ಕೆಂದು ತಾವೇ ಹೊರಟ ಹಿರಿಯರು ನಮ್ಮ ನಡುವೆ ಹಲವರಿದ್ದಾರೆ. ಬಸ್ಸಿನ ಆ ಮುದುಕನ ಮಾತನ್ನು ವಿಮಾನ ನಿಲ್ದಾಣದ ಕ್ಷ-ಕಿರಣ ಯಂತ್ರದ ಮುಂದೆ ಆಡಿದರೆ ಯಾರೂ ನಗುವುದಿಲ್ಲ. ಪದ ಅದೇ, ಉದ್ದೇಶ ಅದೇ, ಚೀಲದೊಳಗಿನ ಬಾಳೆಹಣ್ಣೂ ಅದೇ. ಒಂದೆಡೆ ನಗೆ, ಇನ್ನೊಂದೆಡೆ ಪೊಲೀಸ್ ಠಾಣೆ. ಏಕೆ?

"ನಿಯಮ ಹಾಗಿದೆ" ಎಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಅದು ಸುಳ್ಳಲ್ಲ. ಆದರೆ ನಿಯಮವಿದೆ ಎಂದು ಮಾತ್ರ ಬಲ್ಲವನು ನಿಯಮವನ್ನು ಕೀಟಲೆ ಮಾಡಲು ಹೊರಡುತ್ತಾನೆ. ನಿಯಮ ಯಾರ ರಕ್ತದಿಂದ ಬರೆಯಲ್ಪಟ್ಟಿತೆಂದು ಬಲ್ಲವನು ಸುಮ್ಮನಿರುತ್ತಾನೆ. ನಮ್ಮ ಪತ್ರಿಕೆಗಳು ಇಂಥ ಸುದ್ದಿಗಳನ್ನು ಪುಟದ ಮೂಲೆಯ ಚೌಕಟ್ಟಿನಲ್ಲಿ ಅಚ್ಚಿಸುವ ಬಗೆಯ ಮೇಲೆ ನನಗೆ ಆಕ್ಷೇಪವಿರುವುದು ಈ ಕಾರಣಕ್ಕಾಗಿಯೇ. ಓದುಗನು ಎರಡು ನಿಮಿಷ ನಕ್ಕು, "ಎಂಥ ಪೆದ್ದ!" ಎಂದು ತಲೆಯಾಡಿಸಿ ಮುಂದಿನ ಪುಟಕ್ಕೆ ಹೋಗುತ್ತಾನೆ. ಪೆದ್ದತನವೆಂದು ಕರೆದೊಡನೆ ವಿಚಾರ ಮುಗಿದಂತಾಗುತ್ತದೆ. ಆದರೆ ಈ ಪ್ರಯಾಣಿಕರಲ್ಲಿ ಹೆಚ್ಚಿನವರು ಪೆದ್ದರಲ್ಲ.

2024ರ ಎರಡು ಪ್ರಸಂಗಗಳನ್ನು ನೋಡಿ. ಏಪ್ರಿಲ್ 5ರಂದು ದೆಹಲಿಯಲ್ಲಿ ಅಹಮದಾಬಾದಿಗೆ ಹೊರಟಿದ್ದ ಇಬ್ಬರು ಪ್ರಯಾಣಿಕರು ತಪಾಸಣೆಯ ವೇಳೆ, ತಮ್ಮ ಬಳಿ ಅಣುಬಾಂಬ್ ಇದ್ದರೆ ಏನು ಮಾಡುವಿರಿ ಎಂದು ಸಿಬ್ಬಂದಿಯನ್ನು ಕೇಳಿದರು. ವಿಮಾನ ಏರಲಿಲ್ಲ, ಬಂಧನಕ್ಕೊಳಗಾದರು. ಆಗಸ್ಟ್ 11ರಂದು ಕೊಚ್ಚಿಯಲ್ಲಿ ಮುಂಬೈಗೆ ಹೊರಟಿದ್ದ ಒಬ್ಬರು, ಬ್ಯಾಗು ಯಂತ್ರದೊಳಗೆ ಸಾಗುತ್ತಿದ್ದಾಗ, ತಮ್ಮ ಬ್ಯಾಗಿನಲ್ಲಿ ಬಾಂಬ್ ಏನಾದರೂ ಇದೆಯೇ ಎಂದು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿಯನ್ನೇ ಕೇಳಿದರು. ಅವರ ಗತಿಯೂ ಅದೇ ಆಯಿತು. ಗಮನಿಸಿ, ಇವರಾರೂ "ನನ್ನ ಬಳಿ ಬಾಂಬ್ ಇದೆ" ಎಂದು ಸುಳ್ಳು ಹೇಳಲಿಲ್ಲ, ಪ್ರಶ್ನೆ ಕೇಳಿದರು. ಆ ಪ್ರಶ್ನೆಗಳಲ್ಲಿ ಒಂದು ಮೊನಚಿದೆ. "ನನ್ನಂಥವನನ್ನು ತಪಾಸಿಸುವ ನೀನು ಯಾರು?" ಎಂಬ ಧ್ವನಿ ಅವುಗಳ ಹಿಂದೆ ಕೇಳಿಸುತ್ತದೆ. ಇದು ನನ್ನ ಊಹೆ. ಅವರ ಅಂತರಂಗ ದೇವರಿಗೆ ಗೊತ್ತು. ಆದರೂ ತಪಾಸಣೆಯ ಸಾಲಿನಲ್ಲಿ ಬೂಟು ಬಿಚ್ಚಿ, ಬೆಲ್ಟು ಕಳಚಿ, ಎರಡೂ ಕೈ ಅಗಲಿಸಿ ನಿಂತವರಾರಿಗೂ ಆ ಕಿರಿಕಿರಿ ಅಪರಿಚಿತವಲ್ಲ.

ಈ ಕಿರಿಕಿರಿಯನ್ನು ಚೆನ್ನಾಗಿ ಹಿಡಿದ ಕೃತಿಯೊಂದಿದೆ: 2000ನೆಯ ಇಸವಿಯಲ್ಲಿ ತೆರೆಕಂಡ 'ಮೀಟ್ ದ ಪೇರೆಂಟ್ಸ್' ಎಂಬ ಹಾಲಿವುಡ್ ಚಿತ್ರ. ಭಾವೀ ಮಾವನ ಮನೆಯಲ್ಲಿ ಒಂದಾದ ಮೇಲೊಂದು ಅವಮಾನ ಉಂಡ ನಾಯಕ ಹಿಂದಿರುಗುವಾಗ ವಿಮಾನ ಹತ್ತುತ್ತಾನೆ. ಕೈಚೀಲ ದೊಡ್ಡದಾಯಿತು, ಸಾಮಾನಿನೊಂದಿಗೆ ಕೆಳಗೆ ಹಾಕಿ ಎನ್ನುತ್ತಾಳೆ ಗಗನಸಖಿ. ಅವನ ತಾಳ್ಮೆಯ ಕಟ್ಟೆ ಒಡೆಯುತ್ತದೆ. ವಿಮಾನದಲ್ಲಿ ಆಡಬಾರದ ಆ ಪದವನ್ನು ಆಡಕೂಡದೆಂದು ಹೇಳಿದ್ದೇ ತಡ, ಅವನು ಅದನ್ನೇ ಮತ್ತೆ ಮತ್ತೆ ಕೂಗುತ್ತಾನೆ. ಪ್ರೇಕ್ಷಕರು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಚಿತ್ರಕಾರನು ಒಂದು ಸತ್ಯವನ್ನು ಕಂಡಿದ್ದಾನೆ ಎಂದು ಒಪ್ಪಲೇಬೇಕು: ಇಲ್ಲಿ ಹಾಸ್ಯದ ಬಟ್ಟೆ ತೊಟ್ಟು ಬರುವುದು ಹಲವು ಬಾರಿ ಸಿಟ್ಟು. ಆದರೆ ಅದೇ ಚಿತ್ರ ಮುಂದಿನ ದೃಶ್ಯದಲ್ಲಿ ನಮ್ಮನ್ನು ವಂಚಿಸುತ್ತದೆ. ನಾಯಕನನ್ನು ಒಂದು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಗುಪ್ತಚರ ಇಲಾಖೆಯಲ್ಲಿದ್ದ ಭಾವೀ ಮಾವ ಬಂದು ಬಿಡಿಸಿಕೊಂಡು ಹೋಗುತ್ತಾನೆ. ಪ್ರಭಾವಿ ಮಾವನಿಲ್ಲದವನ ಕಥೆ ಏನು? ಆ ವಿಮಾನದಲ್ಲಿ ಕುಳಿತಿದ್ದ ಉಳಿದವರ ಕಥೆ ಏನು? ಚಿತ್ರ ಅವರತ್ತ ತಿರುಗಿಯೂ ನೋಡುವುದಿಲ್ಲ. ಅದು ಬಂದು ವರ್ಷ ತುಂಬುವ ಮೊದಲೇ, 2001ರ ಸೆಪ್ಟೆಂಬರ್ 11ರಂದು, ಆ ದೇಶದ ವಿಮಾನ ನಿಲ್ದಾಣಗಳಲ್ಲಿ ನಗೆಯ ಅರ್ಥವೇ ಬದಲಾಯಿತು.

ನಮ್ಮಲ್ಲಿ ಇಂಥ ವಿಷಯ ಬಂದಾಗಲೆಲ್ಲ ಹಿರಿಯರು ಮಕ್ಕಳಿಗೆ ಹೇಳುವ ಕಥೆ 'ತೋಳ ಬಂತು ತೋಳ'. ಧರ್ಮೋಪದೇಶದ ತರಗತಿಯಲ್ಲಿಯೂ ಅದು ಸವೆದ ನಾಣ್ಯ. ಆದರೆ ವಿಮಾನ ನಿಲ್ದಾಣಕ್ಕೆ ಈ ಕಥೆ ಹೊಂದುವುದೇ ಇಲ್ಲ ಎಂಬುದು ನನ್ನ ವಾದ. ಕಥೆಯಲ್ಲಿ ಹುಡುಗನು ಎರಡು ಸಲ ಸುಳ್ಳು ಕೂಗುತ್ತಾನೆ, ಊರವರು ಓಡಿಬಂದು ಮೋಸಹೋಗುತ್ತಾರೆ. ಮೂರನೆಯ ಸಲ ಯಾರೂ ಬರುವುದಿಲ್ಲ. ಊರವರಿಗೆ ಬಾರದಿರುವ ಸ್ವಾತಂತ್ರ್ಯವಿತ್ತು. ಭದ್ರತಾ ಸಿಬ್ಬಂದಿಗೆ ಆ ಸ್ವಾತಂತ್ರ್ಯವಿಲ್ಲ. ಸಾವಿರ ಸಲ ಸುಳ್ಳಾದರೂ ಸಾವಿರದ ಒಂದನೆಯ ಸಲವೂ ಅವರು ಓಡಲೇಬೇಕು. 2024ರ ಅಕ್ಟೋಬರಿನಲ್ಲಿ ನಮ್ಮ ದೇಶದ ವಿಮಾನಗಳಿಗೆ ಕೆಲವೇ ವಾರಗಳಲ್ಲಿ ನೂರಾರು ಹುಸಿ ಬೆದರಿಕೆಗಳು ಬಂದವಲ್ಲ, ಆಗಲೂ ಅವರು ಓಡಿದರು. ನಮ್ಮ ಕಲಬುರಗಿ ನಿಲ್ದಾಣಕ್ಕೇ ಅದೇ ವರ್ಷದ ಜೂನ್‌ನಲ್ಲಿ ಬೆದರಿಕೆಯ ಮಿಂಚಂಚೆ ಬಂದಾಗಲೂ ಓಡಿದರು. ಕಥೆಯ ಹುಡುಗ ತನ್ನ ಸುಳ್ಳಿಗೆ ತಾನೇ ಬೆಲೆ ತೆತ್ತ. ಇಲ್ಲಿ ಬೆಲೆ ತೆರುವವರು ಇತರರು.

ಓಡುವುದು ಹೇಗೆಂದು ತುಸು ತಿಳಿಯೋಣ. ಆ ಪದ ಕಿವಿಗೆ ಬಿದ್ದೊಡನೆ ಸಿಬ್ಬಂದಿ ಮೇಲಧಿಕಾರಿಗೆ ತಿಳಿಸಬೇಕು. ಬಾಂಬ್ ಬೆದರಿಕೆ ಪರಿಶೀಲನಾ ಸಮಿತಿ ಎಂಬ ಏರ್ಪಾಡು ಪ್ರತಿ ನಿಲ್ದಾಣದಲ್ಲಿಯೂ ಉಂಟು. ವಿಮಾನ ನಿಲ್ದಾಣದ ಅಧಿಕಾರಿಗಳು, ಭದ್ರತಾ ಪಡೆ, ಪೊಲೀಸರು, ವಿಮಾನ ಸಂಸ್ಥೆಯವರು ಸೇರಿ ಬೆದರಿಕೆಯು ನಿರ್ದಿಷ್ಟವೋ ಅಲ್ಲವೋ ಎಂದು ತೀರ್ಮಾನಿಸಬೇಕು. ನಿರ್ದಿಷ್ಟವೆಂದಾದರೆ ವಿಮಾನವನ್ನು ಉಳಿದವುಗಳಿಂದ ದೂರದ ಸ್ಥಳಕ್ಕೆ ಒಯ್ಯುತ್ತಾರೆ. ಪ್ರಯಾಣಿಕರನ್ನು ಇಳಿಸುತ್ತಾರೆ, ಎಲ್ಲರ ಸಾಮಾನೂ ಕೆಳಗಿಳಿಯುತ್ತದೆ, ನಾಯಿಗಳು ಬರುತ್ತವೆ, ಆಸನಗಳ ಅಡಿಯನ್ನೂ ಊಟದ ಡಬ್ಬಿಗಳನ್ನೂ ಬಿಡದೆ ಹುಡುಕುತ್ತಾರೆ. ಗಂಟೆಗಳು ಕಳೆಯುತ್ತವೆ. ಆ ವಿಮಾನದಲ್ಲಿ ಶಸ್ತ್ರಚಿಕಿತ್ಸೆಗೆ ಹೊರಟವರಿರಬಹುದು, ತಂದೆಯ ಅಂತ್ಯಕ್ರಿಯೆಗೆ ಧಾವಿಸುವವರಿರಬಹುದು.

ಇಷ್ಟೆಲ್ಲ ಅತಿಯಲ್ಲವೇ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ 1985ರ ಜೂನ್ 23ರಲ್ಲಿದೆ. ಕೆನಡಾದಿಂದ ಲಂಡನ್ ಮಾರ್ಗವಾಗಿ ಭಾರತಕ್ಕೆ ಹೊರಟಿದ್ದ ಏರ್ ಇಂಡಿಯಾದ 'ಕನಿಷ್ಕ' ಐರ್ಲೆಂಡಿನ ಕರಾವಳಿಯಾಚೆ ಆಕಾಶದಲ್ಲಿಯೇ ಸಿಡಿದು 329 ಮಂದಿ ಸಮುದ್ರದ ಪಾಲಾದರು. ಬಾಂಬ್ ಇದ್ದ ಸೂಟ್‌ಕೇಸು ಪಯಣ ಆರಂಭಿಸಿದ್ದು ವ್ಯಾಂಕೂವರ್ ನಗರದಲ್ಲಿ. ಅದನ್ನು ತಂದವನಿಗೆ ಏರ್ ಇಂಡಿಯಾ ವಿಮಾನದಲ್ಲಿ ಆಸನ ಖಚಿತವಾಗಿರಲಿಲ್ಲ. ಆದರೂ ಸಾಮಾನನ್ನು ನೇರವಾಗಿ ಅದಕ್ಕೇ ವರ್ಗಾಯಿಸಬೇಕೆಂದು ಅವನು ಪಟ್ಟುಹಿಡಿದ. ಹಿಂದೆ ಸಾಲು ಬೆಳೆಯುತ್ತಿತ್ತು. ಕೌಂಟರಿನಲ್ಲಿದ್ದ ಸಿಬ್ಬಂದಿ ಕೊನೆಗೆ ಮಣಿದರು. ಅವನು ವಿಮಾನ ಹತ್ತಲಿಲ್ಲ, ಸೂಟ್‌ಕೇಸು ಹತ್ತಿತು. ಟೊರಾಂಟೊದಲ್ಲಿ ಕ್ಷ-ಕಿರಣ ಯಂತ್ರ ಕೆಟ್ಟಿತ್ತು. ಕೈಯಲ್ಲಿ ಹಿಡಿಯುವ ಪತ್ತೆಯಂತ್ರದಿಂದ ಸಾಮಾನು ನೋಡಿದರು. ಒಂದು ಚೀಲದ ಬಳಿ ಅದು ಸದ್ದು ಮಾಡಿದರೂ ಆ ಚೀಲವನ್ನು ಮುಂದಕ್ಕೆ ಬಿಟ್ಟರು. ಅದೇ ದಿನ ಅದೇ ಸಂಚಿನ ಇನ್ನೊಂದು ಸೂಟ್‌ಕೇಸು ಜಪಾನಿನ ನರಿಟಾ ನಿಲ್ದಾಣದಲ್ಲಿ ಸಿಡಿದು, ಸಾಮಾನು ಸಾಗಿಸುತ್ತಿದ್ದ ಇಬ್ಬರು ಕಾರ್ಮಿಕರನ್ನು ಕೊಂದಿತು. ಸದ್ದನ್ನು ಸದ್ದಲ್ಲವೆಂದು ಬಗೆದರೆ ಏನಾಗುತ್ತದೆಂಬುದನ್ನು ಇಂದಿನ ಸಿಬ್ಬಂದಿಗೆ ಪಾಠವಾಗಿ ಕಲಿಸುತ್ತಾರೆ. ನಾವು "ಸುಮ್ಮನೆ ಅಂದೆ" ಎನ್ನುವಾಗ ಅವರ ಕಿವಿಯಲ್ಲಿ ಆ ಸದ್ದು ಇರುತ್ತದೆ.

ಕೆನಡಾ ದೂರವಾಯಿತೆನ್ನುವವರು ಮಂಗಳೂರಿಗೆ ಬನ್ನಿ. 2020ರ ಜನವರಿ 20ರಂದು ಬಜ್ಪೆಯ ವಿಮಾನ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಒಂದು ಚೀಲ ಭದ್ರತಾ ಸಿಬ್ಬಂದಿಯ ಕಣ್ಣಿಗೆ ಬಿತ್ತು. ಅದರಲ್ಲಿದ್ದುದು ನಿಜವಾದ ಸ್ಫೋಟಕ. ಕೆಂಜಾರಿನ ಮೈದಾನಕ್ಕೆ ಒಯ್ದು ಅದನ್ನು ನಿಷ್ಕ್ರಿಯಗೊಳಿಸಿದರು. ಎರಡು ದಿನಗಳ ತರುವಾಯ ಬೆಂಗಳೂರಿನಲ್ಲಿ ಶರಣಾದ ಯುವಕನಿಗೆ 2022ರ ಮಾರ್ಚ್‌ನಲ್ಲಿ ಮಂಗಳೂರಿನ ನ್ಯಾಯಾಲಯ 20 ವರ್ಷಗಳ ಸೆರೆವಾಸ ವಿಧಿಸಿತು. ಈತ ಹೊಸಬನಲ್ಲ. 2018ರಲ್ಲಿ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹುಸಿ ಬಾಂಬ್ ಕರೆ ಮಾಡಿ ಸೆರೆಮನೆ ಕಂಡುಬಂದವನು. ಹುಸಿ ಕರೆ ಮಾಡಿದವನೇ ಎರಡು ವರ್ಷ ತುಂಬುವಷ್ಟರಲ್ಲಿ ನಿಜವಾದ ಚೀಲ ಹೊತ್ತು ತಂದ! ಇಂಥವನ ಬಾಯಿಂದಲೂ, ಊರಿಗೆ ಹೊರಟ ಸಜ್ಜನನ ಬಾಯಿಂದಲೂ ಬರುವುದು ಒಂದೇ ಪದ. ಯಂತ್ರದ ಮುಂದೆ ಕುಳಿತವನು ಮುಖ ನೋಡಿ ವಿಂಗಡಿಸಬೇಕೆಂದು ನಾವು ನಿರೀಕ್ಷಿಸುವುದಾದರೂ ಹೇಗೆ?

ಇಲ್ಲಿ ಆ ಸಿಬ್ಬಂದಿಯ ಕುರಿತು ಒಂದು ಮಾತು ಹೇಳಬೇಕು. ಏಕೆಂದರೆ ಇಂಥ ಸುದ್ದಿಗಳಲ್ಲಿ ಆತ ಎಂದೂ ಪಾತ್ರವಾಗುವುದಿಲ್ಲ. ಯಾವುದೋ ದೂರದ ರಾಜ್ಯದ ಹಳ್ಳಿಯಿಂದ ಬಂದು, ಪಾಳಿಯುದ್ದಕ್ಕೂ ಒಂದೇ ಚೌಕದೊಳಗೆ ನಿಂತು, ತನಗಿಂತ ಹತ್ತು ಪಾಲು ಗಳಿಸುವವರ ಜೇಬು ಸವರುವ ಕೆಲಸ ಆತನದು. ಆಕೆಯದೂ ಹೌದು. 2019ರ ಅಕ್ಟೋಬರಿನಲ್ಲಿ ಪತ್ರಿಕೆಗಳಲ್ಲಿ ಒಂದು ವಿಚಿತ್ರ ವರದಿ ಬಂದಿತ್ತು: ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯವರು ಇನ್ನು ಮುಂದೆ ಪ್ರಯಾಣಿಕರತ್ತ ಅಗಲವಾಗಿ ನಗದೆ, ಸಾಕಷ್ಟೇ ನಗಬೇಕೆಂಬ ತೀರ್ಮಾನ. ಅತಿ ಸ್ನೇಹ ಎಚ್ಚರವನ್ನು ಸಡಿಲಗೊಳಿಸುತ್ತದೆ ಎಂಬ ಆತಂಕ ಅದರ ಹಿಂದಿತ್ತು. ಅಂದು ಇಡೀ ದೇಶ ಆ ವರದಿಯನ್ನು ಗೇಲಿ ಮಾಡಿತು. ನನಗೆ ಮಾತ್ರ ಅದರಲ್ಲಿ ವಿಷಾದವೇ ಕಂಡಿತು. ಎಷ್ಟು ನಗಬೇಕೆಂಬುದನ್ನೂ ಮೇಲಿನವರು ಅಳೆದುಕೊಡುವ ಉದ್ಯೋಗದಲ್ಲಿ ಒಬ್ಬ ಮನುಷ್ಯನಿದ್ದಾನೆ. ಅವನೆದುರು ಹೋಗಿ ನಾವು ನಗೆಚಾಟಿಕೆ ಹಾರಿಸುತ್ತೇವೆ. ಅವನು ನಕ್ಕರೆ ಕರ್ತವ್ಯಲೋಪ. ನಗದಿದ್ದರೆ ನಮ್ಮ ದೃಷ್ಟಿಯಲ್ಲಿ ರಸಹೀನ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಕಮಲಾಪುರದ ಬಸ್ಸಿಗೂ ವಿಮಾನ ನಿಲ್ದಾಣಕ್ಕೂ ಇರುವ ವ್ಯತ್ಯಾಸ ನನಗೆ ಇಲ್ಲಿ ಕಾಣುತ್ತದೆ. ಬಸ್ಸಿನ ನಿರ್ವಾಹಕನಿಗೆ ತಿರುಗಿ ನಗಿಸುವ ಅಧಿಕಾರವಿತ್ತು. ಹಾಸ್ಯವೆಂಬುದು ಇಬ್ಬರು ಸ್ವತಂತ್ರರ ನಡುವಿನ ವ್ಯವಹಾರ. ಒಬ್ಬನ ಕೈಯನ್ನು ಕಟ್ಟಿಹಾಕಿ ಆಡುವುದು ಹಾಸ್ಯವಲ್ಲ. ಅದು ಬೇರೆಯೇ ಜಾತಿಯ ಮಾತು. ಜ್ಞಾನೋಕ್ತಿಗಳ ಗ್ರಂಥದ 26ನೆಯ ಅಧ್ಯಾಯದಲ್ಲಿ, ನೆರೆಯವನನ್ನು ವಂಚಿಸಿ ಆಮೇಲೆ ತಮಾಷೆಯೆಂದು ಜಾರಿಕೊಳ್ಳುವವನ ಚಿತ್ರವೊಂದಿದೆ. ಕೊಳ್ಳಿಗಳನ್ನೂ ಬಾಣಗಳನ್ನೂ ಎಸೆಯುವ ಹುಚ್ಚನ ಪಕ್ಕದಲ್ಲಿ ಜ್ಞಾನಿಯು ಅವನನ್ನು ನಿಲ್ಲಿಸುತ್ತಾನೆ. ಕಠಿಣ ಹೋಲಿಕೆ. ಆದರೆ ಕೊಳ್ಳಿ ಎಲ್ಲಿ ಬೀಳುತ್ತದೆಂಬುದು ಎಸೆದವನ ಉದ್ದೇಶವನ್ನು ಅವಲಂಬಿಸಿಲ್ಲ ಎಂಬ ಅರಿವು ಅದರಲ್ಲಿದೆ.

ಹೀಗೆಂದ ಮಾತ್ರಕ್ಕೆ ಧರ್ಮವು ನಗೆಗೆ ವಿರೋಧಿಯೆಂದು ಯಾರೂ ಭಾವಿಸಬಾರದು. ಗುರುಮಠದಲ್ಲಿ ನಾವು ಓದಿದ ಸಂತ ತೋಮಸ್ ಅಕ್ವಿನಾಸರು ತಮ್ಮ 'ಸುಮ್ಮಾ'ದಲ್ಲಿ ವಿನೋದವನ್ನು ಒಂದು ಸದ್ಗುಣವೆಂದೇ ಎಣಿಸಿದ್ದಾರೆ. ಅರಿಸ್ಟಾಟಲನಿಂದ ಬಂದ 'ಯುತ್ರಪೇಲಿಯ' ಎಂಬ ಗ್ರೀಕ್ ಹೆಸರನ್ನೂ ಅದಕ್ಕೆ ಕೊಟ್ಟಿದ್ದಾರೆ. ಸದಾ ಹೆದೆಯೇರಿಸಿಟ್ಟ ಬಿಲ್ಲು ಮುರಿಯುವುದೆಂದು ಸಂತ ಯೊವಾನ್ನರು ಹೇಳಿದರೆನ್ನಲಾದ ದೃಷ್ಟಾಂತವನ್ನು ಅವರು ಅಲ್ಲಿ ಸ್ಮರಿಸುತ್ತಾರೆ. ಅತಿಯಾದ ವಿನೋದ ದೋಷ ಎನ್ನುವ ಅವರೇ, ತಾನೂ ನಗದೆ ಇತರರ ನಗೆಗೂ ಅಡ್ಡಬರುವ ಬಿಗುಮಾನವೂ ದೋಷವೆನ್ನುತ್ತಾರೆ. ವ್ಯಕ್ತಿ, ಕಾಲ, ಸ್ಥಳ ಇವುಗಳಿಗೆ ಒಪ್ಪಬೇಕೆಂಬುದು ಅವರ ಷರತ್ತು. ಹದಿಮೂರನೆಯ ಶತಮಾನದಲ್ಲಿ ಕ್ಷ-ಕಿರಣ ಯಂತ್ರವಿರಲಿಲ್ಲ. ಆದರೂ ಆ ಮೂರು ಪದಗಳನ್ನು ಯಂತ್ರದ ಪಕ್ಕದಲ್ಲಿ ಬರೆಸಿ ತೂಗುಹಾಕಿದರೆ ತಪ್ಪೇನಿಲ್ಲ.

ಪರಿಣಾಮಗಳ ವಿಷಯ. ಭದ್ರತಾ ಪಡೆ ಪ್ರಯಾಣಿಕನನ್ನು ಸ್ಥಳೀಯ ಪೊಲೀಸರಿಗೆ ಒಪ್ಪಿಸುತ್ತದೆ, ಪ್ರಕರಣ ದಾಖಲಾಗುತ್ತದೆ. ಟಿಕೇಟಿನ ಹಣ ಹೋಯಿತೆನ್ನುವುದು ಇದರಲ್ಲಿ ತೀರ ಚಿಕ್ಕ ನಷ್ಟ. ಜಾಮೀನು, ವಕೀಲ, ದೂರದ ಊರಿನ ನ್ಯಾಯಾಲಯಕ್ಕೆ ಅಲೆದಾಟ. ಕೊಲ್ಲಿಯಲ್ಲೋ ಯೂರೋಪಿನಲ್ಲೋ ಉದ್ಯೋಗ ಬಯಸುವ ನಮ್ಮ ಯುವಜನರು ತಿಳಿಯಬೇಕಾದ ಇನ್ನೊಂದು ವಿಷಯವಿದೆ: ನ್ಯಾಯಾಲಯದಲ್ಲಿ ಕ್ರಿಮಿನಲ್ ಮೊಕದ್ದಮೆ ಬಾಕಿಯಿದ್ದರೆ, 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಪಾಸ್‌ಪೋರ್ಟ್ ನಿರಾಕರಿಸಲು ಅದೇ ಒಂದು ಕಾರಣವಾಗಬಲ್ಲದು. 2024ರ ಹುಸಿ ಬೆದರಿಕೆಗಳ ಮಹಾಪೂರದ ನಂತರ ಅದೇ ವರ್ಷದ ಡಿಸೆಂಬರಿನಲ್ಲಿ ವಿಮಾನ ಭದ್ರತಾ ನಿಯಮಗಳನ್ನು ತಿದ್ದಿ, ಸುಳ್ಳು ಮಾಹಿತಿ ಹರಡಿ ಭೀತಿ ಹುಟ್ಟಿಸುವುದನ್ನು ಪ್ರತ್ಯೇಕವಾಗಿ ನಿಷೇಧಿಸಲಾಯಿತು. ನಿಯಮಗಳ ಬಿಗಿ ಹೆಚ್ಚುತ್ತಿದೆಯೇ ಹೊರತು ಸಡಿಲವಾಗುತ್ತಿಲ್ಲ.

ಆದರೆ ಬಿಗಿಯಾದ ಹಗ್ಗ ಎಲ್ಲರ ಕೊರಳಿಗೂ ಒಂದೇ ರೀತಿ ಬೀಳಬೇಕೇ? ಮತ್ತೆ ಮಂಗಳೂರಿಗೇ ಹೋಗೋಣ. 2022ರ ಆಗಸ್ಟ್ 14, ಸ್ವಾತಂತ್ರ್ಯೋತ್ಸವದ ಮುನ್ನಾದಿನ. ಮುಂಬೈಗೆ ಹೊರಟ ಇಂಡಿಗೋ ವಿಮಾನ ಹಾರಲು ಸಿದ್ಧವಾಗಿತ್ತು. ಒಳಗೆ ಕುಳಿತಿದ್ದ ಯುವಕನೊಬ್ಬ, ಅದೇ ನಿಲ್ದಾಣದಲ್ಲಿ ಬೆಂಗಳೂರು ವಿಮಾನಕ್ಕಾಗಿ ಕಾದಿದ್ದ ತನ್ನ ಗೆಳತಿಯೊಡನೆ ಮೊಬೈಲಿನಲ್ಲಿ ಸಂದೇಶ ವಿನಿಮಯ ಮಾಡುತ್ತಿದ್ದ. ಭದ್ರತೆಯ ವಿಷಯವಾಗಿ ಇಬ್ಬರೂ ಪರಸ್ಪರ ಕಿಚಾಯಿಸಿಕೊಂಡಿದ್ದರು. ಆತನ ಪರದೆಯ ಮೇಲೆ ಕಣ್ಣಾಡಿಸಿದ ಸಹಪ್ರಯಾಣಿಕಳೊಬ್ಬಳು ಬೆದರಿ ಸಿಬ್ಬಂದಿಗೆ ತಿಳಿಸಿದಳು. ಓಡುದಾರಿಯತ್ತ ಸಾಗಿದ್ದ ವಿಮಾನ ಹಿಂದಿರುಗಿತು. 185 ಪ್ರಯಾಣಿಕರು ಇಳಿದರು, ಸಾಮಾನೆಲ್ಲ ಜಾಲಾಡಿದರು, ಸುಮಾರು ಆರು ಗಂಟೆ ತಡವಾಗಿ ಸಂಜೆ 5ಕ್ಕೆ ವಿಮಾನ ಹೊರಟಿತು. ಯುವಕನು ವಿಚಾರಣೆಯಲ್ಲಿ ಉಳಿದ, ಆಕೆಯ ಬೆಂಗಳೂರು ವಿಮಾನ ತಪ್ಪಿತು.

ಹೊರನೋಟಕ್ಕೆ ಇದೂ ಕೊಚ್ಚಿಯ ಪ್ರಸಂಗದಂಥದೇ: ಭದ್ರತೆಯ ಕುರಿತು ತಮಾಷೆ, ಅದರ ಫಲವಾಗಿ ಗೊಂದಲ. ನನಗೆ ಹಾಗೆ ಕಾಣುವುದಿಲ್ಲ. ಕೊಚ್ಚಿಯಲ್ಲಿ ಮಾತು ಭದ್ರತಾ ಸಿಬ್ಬಂದಿಯನ್ನು ಉದ್ದೇಶಿಸಿ ಆಡಿದ್ದು. ಇಲ್ಲಿ ಇಬ್ಬರು ಸ್ನೇಹಿತರು ತಮ್ಮತಮ್ಮೊಳಗೆ ಆಡಿಕೊಂಡದ್ದು. ಮೂರನೆಯವರ ಕಿವಿಗೆ, ಅಲ್ಲ, ಕಣ್ಣಿಗೆ ಅದು ಉದ್ದೇಶಿತವಾಗಿರಲಿಲ್ಲ. ಸಹಪ್ರಯಾಣಿಕಳನ್ನು ದೂಷಿಸುವುದು ನನ್ನ ಇಚ್ಛೆಯಲ್ಲ. ಎರಡೂವರೆ ವರ್ಷಗಳ ಹಿಂದೆ ಅದೇ ನಿಲ್ದಾಣದಲ್ಲಿ ಸ್ಫೋಟಕ ಸಿಕ್ಕಿತ್ತು. ಕಂಡೂ ಕಾಣದಂತಿರುವುದು ಆಕೆಯಿಂದಾಗಲಿಲ್ಲ. ಸಂದೇಶ ನೋಡಿದ ಮೇಲೆ ತಿಳಿಸಿದ್ದು ಸರಿ. ಆದರೆ ಪಕ್ಕದವನ ಪರದೆಯನ್ನು ಓದುವ ಚಾಳಿಯ ಕುರಿತು ನಮ್ಮ ಮನೆಗಳಲ್ಲಿ ಒಂದು ಮಾತೂ ಇಲ್ಲವಲ್ಲ! ಇತರರ ಪತ್ರ ಒಡೆದು ಓದಬಾರದೆಂದು ನಮ್ಮ ತಂದೆತಾಯಿಯರು ಕಲಿಸಿದ್ದರು. ಮೊಬೈಲಿಗೆ ಆ ಪಾಠ ಇನ್ನೂ ತಲುಪಿಲ್ಲ.

ಪತ್ರವೆಂದಾಗ ಚೆಕ್ ಲೇಖಕ ಮಿಲನ್ ಕುಂದೇರಾನ 1967ರ ಕಾದಂಬರಿ 'ದ ಜೋಕ್' ನೆನಪಾಗುತ್ತದೆ. ಲುದ್ವಿಕ್ ಎಂಬ ವಿದ್ಯಾರ್ಥಿ, ಪಕ್ಷದ ತರಬೇತಿ ಶಿಬಿರಕ್ಕೆ ಹೋಗಿ ಅತಿ ಗಂಭೀರಳಾದ ಗೆಳತಿಯನ್ನು ಕೆಣಕಲೆಂದು ಒಂದು ಅಂಚೆಕಾರ್ಡು ಬರೆಯುತ್ತಾನೆ. ಕಮ್ಯುನಿಸ್ಟ್ ಪಕ್ಷದ ಪಂಚಾಯ್ತಿ ಆ ಕಾರ್ಡನ್ನು ಮುಂದಿಟ್ಟುಕೊಂಡು ಅವನನ್ನು ವಿಚಾರಿಸುತ್ತದೆ. ಪಕ್ಷದಿಂದಲೂ ವಿಶ್ವವಿದ್ಯಾಲಯದಿಂದಲೂ ಹೊರದೂಡುತ್ತದೆ. ಮುಂದೆ ಅವನು ಗಣಿಗಳಲ್ಲಿ ದುಡಿಯಬೇಕಾಗುತ್ತದೆ. ನಗೆಯನ್ನು ಸಹಿಸದ ಆಡಳಿತ ಮನುಷ್ಯನನ್ನು ಹೇಗೆ ಹಿಂಡುತ್ತದೆಂಬುದನ್ನು ತೋರಿಸಿದ ದೊಡ್ಡ ಕೃತಿ ಅದು. ಭದ್ರತಾ ಸಿಬ್ಬಂದಿಯೆದುರು ನಗೆಯಾಡಿ ಸಿಕ್ಕಿಬಿದ್ದವರ ಪರವಾಗಿ ಇಂಥ ಕೃತಿಯನ್ನು ಮುಂದೊಡ್ಡಿದರೆ ಅದು ಅನರ್ಹ ಗೌರವ. ಲುದ್ವಿಕ್ ತನ್ನ ಕಾರ್ಡನ್ನು ಬರೆದದ್ದು ಒಬ್ಬ ಹುಡುಗಿಗೆ, ಪಂಚಾಯ್ತಿಗೆ ಅಲ್ಲ. ಅವನ ನಿಜವಾದ ಬಂಧುಗಳು ಮಂಗಳೂರಿನ ಆ ಇಬ್ಬರು.

ಈ ಭೇದವನ್ನು ನ್ಯಾಯಾಲಯವೊಂದು ಗುರುತಿಸಿದ ಉದಾಹರಣೆಯೂ ಉಂಟು. 2010ರ ಜನವರಿಯಲ್ಲಿ ಇಂಗ್ಲೆಂಡಿನ ಡಾಂಕಾಸ್ಟರ್ ಬಳಿಯ ರಾಬಿನ್ ಹುಡ್ ವಿಮಾನ ನಿಲ್ದಾಣ ಹಿಮಪಾತದಿಂದ ಮುಚ್ಚಿತ್ತು. ಗೆಳತಿಯನ್ನು ಕಾಣಲು ಹೊರಡಬೇಕಿದ್ದ ಯುವಕನೊಬ್ಬ ಬೇಸರದಿಂದ, ಒಂದು ವಾರ ಚಿಲ್ಲರೆ ದಿನಗಳೊಳಗೆ ಸರಿಪಡಿಸದಿದ್ದರೆ ನಿಲ್ದಾಣವನ್ನು ಹಾರಿಸಿಬಿಡುವೆನೆಂದು ಟ್ವಿಟರಿನಲ್ಲಿ ಬರೆದ. ಕೆಲವು ದಿನಗಳ ನಂತರ ಅದು ನಿಲ್ದಾಣದ ಅಧಿಕಾರಿಯೊಬ್ಬನ ಕಣ್ಣಿಗೆ ಬಿತ್ತು. ನಿಲ್ದಾಣದವರು ಅದನ್ನು ನಂಬಲರ್ಹವಲ್ಲದ ಬೆದರಿಕೆ ಎಂದೇ ವರ್ಗೀಕರಿಸಿದರು. ಆದರೂ ವಿಷಯ ಪೊಲೀಸರಿಗೆ ಹೋಯಿತು. ಆತನಿಗೆ 385 ಪೌಂಡ್ ದಂಡ, 600 ಪೌಂಡ್ ನ್ಯಾಯಾಲಯದ ವೆಚ್ಚ, ಜೊತೆಗೆ ಉದ್ಯೋಗನಷ್ಟ. ಎರಡೂವರೆ ವರ್ಷ ಹೋರಾಡಿದ ಮೇಲೆ 2012ರ ಜುಲೈ 27ರಂದು ಲಂಡನ್ನಿನ ಹೈಕೋರ್ಟು ಶಿಕ್ಷೆಯನ್ನು ರದ್ದುಗೊಳಿಸಿತು: ಓದಿದವರಾರಿಗೂ ಭಯ ಹುಟ್ಟಿಸದ ಮಾತನ್ನು ಬೆದರಿಕೆಯೆನ್ನಲಾಗದು ಎಂಬುದು ಅದರ ತಿರುಳು. ಯಂತ್ರದ ಮುಂದೆ ನಿಂತ ಸಿಬ್ಬಂದಿಗೆ ಇಂಥ ತೀರ್ಪು ಕೊಡಲು ಎರಡೂವರೆ ವರ್ಷವಲ್ಲ, ಎರಡೂವರೆ ನಿಮಿಷವೂ ಇಲ್ಲ. ಆದರೆ ಪೊಲೀಸ್ ಠಾಣೆಗೆ ಸಮಯವಿದೆ, ನ್ಯಾಯಾಲಯಕ್ಕೆ ಇನ್ನೂ ಹೆಚ್ಚಿನ ಸಮಯವಿದೆ. ಸಿಬ್ಬಂದಿ ಎಲ್ಲವನ್ನೂ ನಿಜವೆಂದು ಬಗೆಯಲಿ. ಆಮೇಲಿನವರು ಯಾರು, ಯಾರಿಗೆ, ಎಲ್ಲಿ ಹೇಳಿದರೆಂದು ತೂಗಲಿ. ಎರಡು ಕೆಲಸಗಳನ್ನೂ ಬೆರೆಸಿದರೆ ಗೆಳತಿಗೆ ಬರೆದ ಕಾರ್ಡು ಮತ್ತೆ ಪಂಚಾಯ್ತಿಯ ಮೇಜಿಗೆ ಬರುತ್ತದೆ.

ಇನ್ನೊಂದು ವಿಷಯವನ್ನು ಹೇಳದಿರಲಾರೆ. ಈ ನಗೆಮಾತುಗಳನ್ನು ಆಡುವವರು ಯಾರೆಂದು ನೀವೇ ಯೋಚಿಸಿ ನೋಡಿ. "ತಮಾಷೆಗೆ ಹೇಳಿದೆ" ಎಂದರೆ ಜನ ನಂಬುವರೆಂಬ ಧೈರ್ಯವುಳ್ಳವರು. ತನ್ನ ಹೆಸರು ಕೇಳಿದೊಡನೆ ಎದುರಿನವರ ಮುಖಭಾವ ಬದಲಾಗುವುದನ್ನು ಕಂಡು ಬೆಳೆದವನು, ಗಡ್ಡ ನೋಡಿ ಎರಡನೆಯ ಸಲ ಕರೆಯಲ್ಪಟ್ಟವನು ಆ ಸಾಲಿನಲ್ಲಿ ಹಾಸ್ಯ ಮಾಡುವುದಿಲ್ಲ. ಮೊದಲ ಬಾರಿ ವಿಮಾನ ಹತ್ತಲು ಬಂದು, ಬೋರ್ಡಿಂಗ್ ಪಾಸನ್ನು ಎರಡೂ ಕೈಯಲ್ಲಿ ಹಿಡಿದು ನಿಂತ ಕೂಲಿಯವನೂ ಮಾಡುವುದಿಲ್ಲ. ಆ ಸಾಲಿನಲ್ಲಿ ಹಾಸ್ಯಪ್ರಜ್ಞೆ ಕಡಿಮೆಯಿರುವವರು ಇವರಲ್ಲ. ನಂಬಿಕೆಯ ಸಾಲ ಸಿಗದವರು. ಅವರ ಹಿಂದೆ ಅದೇ ಸಾಲಿನಲ್ಲಿ ನಿಂತು, ತನ್ನ ಸೂಟ್‌ಕೇಸನ್ನು ಯಂತ್ರದ ಪಟ್ಟಿಯ ಮೇಲಿಡುತ್ತ, ಅಣುಬಾಂಬಿನ ಪ್ರಶ್ನೆ ಕೇಳುವವನು ಅವರನ್ನು ಗಮನಿಸಿರಲೂ ಇಲ್ಲ.